ಬಸ್ಸು, ರೈಲು, ರಿಕ್ಷಾ ಒಂದೇ ಕಡೆ: ಜಾಗ ಆರಿಸುವುದು ಹೇಗೆ?



ನಮ್ಮ ಕಾಸರಗೋಡಿನ ಭೂಪಟವನ್ನು ಒಮ್ಮೆ ಮುಂದಿಟ್ಟುಕೊಳ್ಳಿ. ಪಶ್ಚಿಮಕ್ಕೆ ಕಡಲು. ಅದಕ್ಕೆ ಸಮಾನಾಂತರವಾಗಿ, ತಲಪಾಡಿಯಿಂದ ತೆಂಕಕ್ಕೆ ಎರಡು ಉದ್ದ ಗೆರೆಗಳು: ಒಂದು ರೈಲು ಹಳಿ, ಇನ್ನೊಂದು ರಾಷ್ಟ್ರೀಯ ಹೆದ್ದಾರಿ 66. ಇನ್ನು ಪೂರ್ವದ ಗುಡ್ಡೆಗಳ ಕಡೆಯಿಂದ ಇಳಿದು ಬರುವ ಅಡ್ಡ ರಸ್ತೆಗಳನ್ನು ಗುರುತಿಸಿ. ಬದಿಯಡ್ಕದಿಂದ ಕುಂಬಳೆಗೆ ಬರುವ ರಸ್ತೆ ಅಂಥದ್ದೊಂದು. ಇಡೀ ಚಿತ್ರ ಒಂದು ಏಣಿಯ ಹಾಗೆ ಕಾಣ್ತದೆ ಅಲ್ವಾ? ಎರಡು ಉದ್ದ ಕಂಬ, ನಡುವೆ ಮೆಟ್ಟಿಲುಗಳು.

ಒಳನಾಡಿನಿಂದ ಮಂಗಳೂರಿನ ಆಸ್ಪತ್ರೆಗೋ ಕಾಲೇಜಿಗೋ ಹೋಗುವವರು ಮೊದಲು ಮೆಟ್ಟಿಲಿನ ಮೇಲೆ ಬಂದು, ಆಮೇಲೆ ಕಂಬಕ್ಕೆ ದಾಟಬೇಕು. ಅಂದರೆ ಬಸ್ಸಿನಿಂದ ಇಳಿದು ಇನ್ನೊಂದು ಬಸ್ಸು ಅಥವಾ ರೈಲು ಹಿಡಿಯಬೇಕು. ಹೀಗೆ ಒಂದು ವಾಹನ ಬಿಟ್ಟು ಇನ್ನೊಂದು ಹತ್ತುವ ಜಾಗವನ್ನು ಈ ಪಾಠದಲ್ಲಿ ‘ಕೂಡುನಿಲ್ದಾಣ’ ಅನ್ನೋಣ. ಕೇರಳದಲ್ಲಿ ‘ಮೊಬಿಲಿಟಿ ಹಬ್’ ಎಂಬ ಹೆಸರು ರೂಢಿಯಲ್ಲಿದೆ. ಕೊಚ್ಚಿಯ ವೈಟ್ಟಿಲದಲ್ಲಿ 2011ರಲ್ಲಿ ಆರಂಭವಾದ ಹಬ್‌ನಲ್ಲಿ ಮೊದಲು ಬಸ್ಸು ಮಾತ್ರ ಇತ್ತು. 2019ರಲ್ಲಿ ಮೆಟ್ರೋ ರೈಲು, 2023ರಲ್ಲಿ ವಾಟರ್ ಮೆಟ್ರೋ ದೋಣಿ ಅಲ್ಲಿಗೆ ಬಂದು ಸೇರಿದವು.

ಅದು ದೊಡ್ಡ ನಗರದ ಕತೆ. ಗ್ರಾಮೀಣ ಕರಾವಳಿಯಲ್ಲಿ, ಉದಾಹರಣೆಗೆ ಕುಂಬಳೆಯಂಥ ಊರಿನಲ್ಲಿ, ಇಂಥ ನಿಲ್ದಾಣಕ್ಕೆ ಜಾಗ ಹುಡುಕಬೇಕಾದರೆ ಏನೇನು ನೋಡಬೇಕು? ಇದು ಎಂಜಿನಿಯರುಗಳ ಕೆಲಸ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಎಂಟು, ಒಂಬತ್ತು, ಹತ್ತನೇ ತರಗತಿಯ ಪಾಠಗಳಲ್ಲೇ ಇದಕ್ಕೆ ಬೇಕಾದ ಹೆಚ್ಚಿನ ವಿಜ್ಞಾನ ಉಂಟು.

ಮೊದಲ ಪ್ರಶ್ನೆ: ಖಾಲಿ ಜಾಗ ಯಾಕೆ ಖಾಲಿ?

‘ಅಲ್ಲಿ ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆ, ಅಲ್ಲೇ ಬಸ್‌ಸ್ಟ್ಯಾಂಡ್ ಕಟ್ಟಬಹುದಲ್ಲ?’ ಅಂತ ಜನ ಹೇಳುವುದನ್ನು ನೀವೂ ಕೇಳಿರ್ತೀರಿ. ಆದರೆ ಕರಾವಳಿಯಲ್ಲಿ ಜಾಗಕ್ಕೆ ಎಷ್ಟೊಂದು ಬೆಲೆ! ಪೇಟೆಯ ಹತ್ತಿರವೇ ಎರಡು ಎಕ್ರೆ ಖಾಲಿ ಉಳಿದಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು. ಹೆಚ್ಚಿನ ಸಲ ಆ ಕಾರಣ ನೀರು.

ನಮ್ಮ ಕರಾವಳಿಯಲ್ಲಿ ಮೂರು ಬಗೆಯ ನೆಲ ಸಾಮಾನ್ಯ. ಕಡಲಿಗೆ ಹತ್ತಿರ ಮರಳು. ಹೊಳೆ ಮತ್ತು ತೋಡುಗಳ ಬದಿಯಲ್ಲಿ ಗದ್ದೆಯ ಬಯಲು. ಅದರ ಆಚೆ ಮುರಕಲ್ಲಿನ ಪದವು. ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಅವನು ಅದನ್ನು ವಿವರಿಸಿದ್ದು ಕೇರಳದ ಅಂಗಾಡಿಪುರಂನಲ್ಲಿ ನೋಡಿದ ಕಲ್ಲಿನ ಆಧಾರದಲ್ಲಿ. ಅಂದರೆ ನಿಮ್ಮ ಮನೆಯ ಗೋಡೆಯ ಕಲ್ಲಿಗೆ ಜಗತ್ತಿನ ಭೂವಿಜ್ಞಾನ ಹೆಸರಿಟ್ಟದ್ದು ನಮ್ಮ ರಾಜ್ಯದಲ್ಲೇ.

ಈಗ ಗದ್ದೆಯ ಬಯಲನ್ನೇ ತೆಗೆದುಕೊಳ್ಳಿ. ಒಂದು ಎಕ್ರೆ ಅಂದರೆ 100 ಸೆಂಟ್ಸ್, ಸುಮಾರು 4047 ಚದರ ಮೀಟರ್. ಜುಲೈ ತಿಂಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಮಳೆ ಬರುವುದು ನಮಗೆ ಹೊಸದಲ್ಲ. ಆಗ ಆ ಒಂದು ಎಕ್ರೆಯ ಮೇಲೆ ಬೀಳುವ ನೀರು:

4047 × 0.1 = 404.7 ಘನ ಮೀಟರ್, ಅಂದರೆ ಸುಮಾರು 4 ಲಕ್ಷ ಲೀಟರ್.

ಶಾಲೆಯ ಮಾಡಿನ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ನೆನಪಿಸಿಕೊಳ್ಳಿ. ಅಂಥ 400 ಟ್ಯಾಂಕ್ ನೀರು! ಗದ್ದೆ ಇದರಲ್ಲಿ ಬಹುಪಾಲನ್ನು ಹುಣಿಗಳ ನಡುವೆ ತಡೆದು ನಿಲ್ಲಿಸಿ, ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಸುತ್ತಲಿನ ಬಾವಿಗಳಿಗೆ ಬೇಸಗೆಯಲ್ಲಿ ನೀರು ಸಿಗುವುದರಲ್ಲಿ ಇದರ ಪಾಲು ದೊಡ್ಡದು. ಅದೇ ಜಾಗಕ್ಕೆ ಕಾಂಕ್ರೀಟ್ ಹಾಸಿದರೆ? ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹರಿದು ಹೊರಗೆ ಹೋಗುತ್ತದೆ. ಅಂದರೆ ಸುಮಾರು 3.6 ಲಕ್ಷ ಲೀಟರ್ ನೀರು ಪಕ್ಕದವರ ಅಂಗಳಕ್ಕೆ ಹೊರಟಿತು ಅಂತ ಅರ್ಥ.

ಅಳಿವೆಯ ಹತ್ತಿರ ಇನ್ನೊಂದು ತೊಂದರೆ ಉಂಟು. ಕುಂಬಳೆಯ ಪಕ್ಕದಲ್ಲಿ ಶಿರಿಯಾ ಹೊಳೆ ಕಡಲು ಸೇರುತ್ತದೆ. ಕಡಲಿನಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ. ಜೋರು ಮಳೆಯ ಹೊತ್ತಿಗೇ ಉಬ್ಬರವೂ ಬಂದರೆ ಹೊಳೆಯ ನೀರಿಗೆ ಹೊರಹೋಗಲು ದಾರಿ ಸಿಗದೆ ಅದು ಹಿಂದಕ್ಕೆ ಏರುತ್ತದೆ. ಬಯಲಿನ ಜಾಗ ನೋಡಲು ಚಳಿಗಾಲದ ಬಿಸಿಲಿನಲ್ಲಿ ಹೋದವರಿಗೆ ಇದು ಕಾಣುವುದೇ ಇಲ್ಲ. ಆದ್ದರಿಂದ ಮೊದಲ ನಿಯಮ ಇದು: ಕರಾವಳಿಯ ಜಾಗವನ್ನು ಮಳೆಗಾಲದಲ್ಲಿ, ಉಬ್ಬರದ ಹೊತ್ತಿನಲ್ಲಿ ನೋಡದೆ ‘ಒಳ್ಳೆ ಜಾಗ’ ಅನ್ನಬಾರದು.

ಮಣ್ಣು ತುಂಬಿಸಿ ಎತ್ತರಿಸಿದರೆ ಆಗದೇ?

ಈ ಪ್ರಶ್ನೆ ಖಂಡಿತ ಬರ್ತದೆ. ಲೆಕ್ಕ ಮಾಡಿಯೇ ನೋಡೋಣ.

ಜನ ತುಂಬಿದ 12 ಮೀಟರ್ ಉದ್ದದ ಬಸ್ಸಿನ ತೂಕ ಸುಮಾರು 16 ಟನ್. ಅದು ಆವರಿಸುವ ಜಾಗ 12 × 2.5 = 30 ಚದರ ಮೀಟರ್. ಹಾಗಾದರೆ ಸರಾಸರಿ ಒಂದು ಚದರ ಮೀಟರಿಗೆ ಬೀಳುವ ಭಾರ ಸುಮಾರು 0.53 ಟನ್.

ಚೆನ್ನಾಗಿ ಒತ್ತಿದ ಮಣ್ಣಿನ ಒಂದು ಘನ ಮೀಟರ್ ಸುಮಾರು 1.8 ಟನ್ ತೂಗುತ್ತದೆ. ಬಯಲನ್ನು 2 ಮೀಟರ್ ಎತ್ತರಿಸಿದರೆ ಒಂದು ಚದರ ಮೀಟರಿನ ಮೇಲೆ 3.6 ಟನ್.

ನೋಡಿದಿರಾ? ನಿಲ್ದಾಣದ ತುಂಬ ಒಂದಕ್ಕೊಂದು ತಾಗಿಸಿ ಬಸ್ಸು ನಿಲ್ಲಿಸಿದರೂ ಆಗುವ ಭಾರಕ್ಕಿಂತ, ನಾವು ತುಂಬಿದ ಮಣ್ಣಿನ ಭಾರವೇ ಸುಮಾರು ಏಳು ಪಟ್ಟು ಹೆಚ್ಚು. ಕೆಳಗಿರುವುದು ನೀರು ಕುಡಿದ ಮೆತ್ತನೆಯ ಕೆಸರು ಮಣ್ಣು. ಅದರ ಕಣಗಳ ನಡುವಿನ ನೀರಿಗೆ ಬೇಗ ಹೊರಬರಲು ಆಗುವುದಿಲ್ಲ. ಆದ್ದರಿಂದ ಮೇಲಿನ ಭಾರವನ್ನು ಕಣಗಳ ಬದಲು ನೀರೇ ಹೊರಬೇಕಾಗುತ್ತದೆ. ನೀರಿಗೆ ಪಕ್ಕಕ್ಕೆ ಜಾರುವುದನ್ನು ತಡೆಯುವ ಶಕ್ತಿ ಇಲ್ಲವಲ್ಲ! ನೆಲ ಕುಸಿಯುತ್ತದೆ, ಇಲ್ಲವೇ ಬದಿಗೆ ಸರಿಯುತ್ತದೆ.

ಇದು ಪುಸ್ತಕದ ಮಾತಲ್ಲ. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ, ಗದ್ದೆಯ ಬಯಲಿನ ಮೇಲೆ ಮಣ್ಣು ಏರಿಸಿ ಕಟ್ಟಿದ್ದ ಇದೇ ಹೆದ್ದಾರಿ 66ರ ಒಂದು ಭಾಗ ಕುಸಿದು, ಪಕ್ಕದ ಸರ್ವಿಸ್ ರಸ್ತೆಯನ್ನೂ ಹಾಳುಮಾಡಿತು. ಆಮೇಲೆ ಅಲ್ಲಿ ಮಣ್ಣಿನ ಏರಿಯ ಬದಲು ಕಂಬಗಳ ಮೇಲೆ ರಸ್ತೆ ಒಯ್ಯುವ ತೀರ್ಮಾನವಾಯಿತು. ಅಗ್ಗದ ಜಾಗ ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹಾಗಂತ ಗುಡ್ಡೆಯೇ ಕ್ಷೇಮ ಅಂತಲೂ ಅಲ್ಲ. ಗಟ್ಟಿ ಮುರಕಲ್ಲಿನ ಪದರದ ಕೆಳಗೆ ಹಲವು ಕಡೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ಒದ್ದೆಯಾದರೆ ಬಲ ಇಲ್ಲ. ಪದವಿನ ಸಮತಟ್ಟಾದ ನೆತ್ತಿಯಲ್ಲಿ ಕಟ್ಟಿದರೆ ಚಿಂತೆ ಕಡಿಮೆ. ಗುಡ್ಡೆಯ ಬದಿಯನ್ನು ನೆಟ್ಟಗೆ ಕಡಿದು ಜಾಗ ಮಾಡಿದರೆ ಮಳೆಗಾಲದಲ್ಲಿ ಆ ಗೋಡೆ ಜರಿಯುವ ಅಪಾಯ ಉಂಟು.

ಕಾನೂನನ್ನೂ ನೋಡಬೇಕು. ಕೇರಳದಲ್ಲಿ ಗದ್ದೆ ಮತ್ತು ಜೌಗು ನೆಲದ ಸಂರಕ್ಷಣೆಗೆ 2008ರ ಕಾಯ್ದೆ ಇದೆ. ಯಾವ ಜಾಗ ಗದ್ದೆ ಎಂಬುದರ ದಾಖಲೆಗೆ ‘ಡೇಟಾ ಬ್ಯಾಂಕ್’ ಅನ್ನುತ್ತಾರೆ. ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಬಹುದು. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ, ಮತ್ತು ಉಬ್ಬರದ ನೀರು ಏರುವ ಹೊಳೆಗಳ ದಂಡೆಯಲ್ಲಿ, ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಅನ್ವಯಿಸುತ್ತವೆ.

ನಕ್ಷೆಯಲ್ಲಿ ಹತ್ತಿರ, ಕಾಲಿಗೆ ದೂರ

ಒಂಬತ್ತನೇ ತರಗತಿಯಲ್ಲಿ ದೂರಕ್ಕೂ ಸ್ಥಾನಪಲ್ಲಟಕ್ಕೂ ಇರುವ ವ್ಯತ್ಯಾಸ ಓದಿದ್ದೀರಿ. ‘ಇದರಿಂದ ಏನು ಪ್ರಯೋಜನ ಸರ್?’ ಅಂತ ಕೇಳುವವರಿಗೆ ಇಲ್ಲಿದೆ ಉತ್ತರ.

ಹೆದ್ದಾರಿ ಈಗ ಆರು ಪಥ. ಬೇಕಾದಲ್ಲಿ ದಾಟಲು ಆಗುವುದಿಲ್ಲ. ಅಂಡರ್‌ಪಾಸೋ ಕಾಲ್ಸೇತುವೆಯೋ ಇರುವಲ್ಲಿಗೇ ಹೋಗಬೇಕು. ರೈಲು ಹಳಿಯನ್ನಂತೂ ದಾಟಲೇಬಾರದು. ಬಸ್ಸು ನಿಲ್ಲುವ ಜಾಗಕ್ಕೂ ರೈಲಿನ ಪ್ಲಾಟ್‌ಫಾರ್ಮಿಗೂ ನಕ್ಷೆಯಲ್ಲಿ ಸ್ಕೇಲ್ ಇಟ್ಟರೆ 150 ಮೀಟರ್ ಇರಬಹುದು. ಅದು ಸ್ಥಾನಪಲ್ಲಟ. ಅಂಡರ್‌ಪಾಸ್ ಸುತ್ತಿ, ಸರ್ವಿಸ್ ರಸ್ತೆಯಲ್ಲಿ ನಡೆದು, ಮೇಲ್ಸೇತುವೆ ಹತ್ತಿ ಇಳಿದರೆ 600 ಮೀಟರ್ ಆಗಬಹುದು. ಅದು ದೂರ. ಜನ ನಡೆಯುವುದು ದೂರವನ್ನು!

ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ನಡೆಯುವ ನಿಮಗೆ 600 ಮೀಟರಿಗೆ 500 ಸೆಕೆಂಡ್, ಅಂದರೆ ಎಂಟು ನಿಮಿಷ ಚಿಲ್ಲರೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ 750 ಸೆಕೆಂಡ್, ಹನ್ನೆರಡೂವರೆ ನಿಮಿಷ. ಕೈಯಲ್ಲಿ ಚೀಲ, ಮೇಲಿಂದ ಮಳೆ. ಕುಂಬಳೆಯಂಥ ಸ್ಟೇಷನ್ನಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ನಾಲ್ಕು ನಿಮಿಷದ ವ್ಯತ್ಯಾಸದಲ್ಲಿ ಗಾಡಿ ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಆಸ್ಪತ್ರೆಯ ಚೀಟಿಯ ಸಮಯ ಮೀರಿದರೆ ಆ ದಿನವೇ ಹೋಯಿತು.

ಗಾಲಿಕುರ್ಚಿಯಲ್ಲಿ ಬರುವವರಿಗೆ? ಇಳಿಜಾರು ದಾರಿಯ ಪ್ರಮಾಣ 1:12 ಇರಬೇಕು ಎನ್ನುವುದು ರೂಢಿಯ ಅಳತೆ. 6 ಮೀಟರ್ ಎತ್ತರದ ಮೇಲ್ಸೇತುವೆಗೆ 6 × 12 = 72 ಮೀಟರ್ ಉದ್ದದ ಇಳಿಜಾರು ಬೇಕು, ಅದೂ ಎರಡೂ ಬದಿಯಲ್ಲಿ. ಇದಕ್ಕೆ ಜಾಗ ಇಲ್ಲದಿದ್ದರೆ ಲಿಫ್ಟ್ ಬೇಕು. ಲಿಫ್ಟಿಗೆ ಕರೆಂಟು ಬೇಕು, ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ಜನ ಬೇಕು.

ಬಸ್ಸಿಗೂ ಜಾಗ ಬೇಕಲ್ಲ. ದೊಡ್ಡ ಬಸ್ಸು ಒಂದು ಸುತ್ತು ತಿರುಗಲು ಸುಮಾರು 25 ಮೀಟರ್ ವ್ಯಾಸದ ವೃತ್ತ ಬೇಕು. 3.14 × 12.5 × 12.5 = ಸುಮಾರು 490 ಚದರ ಮೀಟರ್. ತಿರುಗುವುದಕ್ಕೇ 12 ಸೆಂಟ್ಸ್! ಬಸ್ಸು ಒಂದು ಬದಿಯಿಂದ ಒಳಬಂದು ಇನ್ನೊಂದು ಬದಿಯಿಂದ ಹೊರಹೋಗುವ ಹಾಗಿದ್ದರೆ ಈ 12 ಸೆಂಟ್ಸ್ ಉಳಿಯುತ್ತದೆ. ರಿವರ್ಸ್ ತೆಗೆಯುವಾಗಿನ ಅಪಾಯವೂ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಗಡಿನಾಡಿನವರಾದ ನಮಗೆ. ಸೂಚನಾ ಫಲಕ ಮಲಯಾಳದಲ್ಲೂ ಕನ್ನಡದಲ್ಲೂ ಇಲ್ಲದಿದ್ದರೆ, ಕನ್ನಡ ಮಾತ್ರ ಓದಲು ಬರುವ ಹಿರಿಯರು ಪ್ರತಿ ತಿರುವಿನಲ್ಲೂ ನಿಂತು ಕೇಳಬೇಕಾಗುತ್ತದೆ. ಅವರಿಗೆ ಆ 600 ಮೀಟರ್ ಇನ್ನೂ ಉದ್ದವಾಗುತ್ತದೆ.

ಅಂಕ ಹಾಕಿ ನೋಡೋಣ

ಈಗ ಮೂರು ಬಗೆಯ ಜಾಗಗಳನ್ನು ಹೋಲಿಸೋಣ. ಈ ಜಾಗಗಳೂ ಅಂಕಗಳೂ ಪಾಠಕ್ಕಾಗಿ ಕಲ್ಪಿಸಿಕೊಂಡವು.

ಅ: ರೈಲು ನಿಲ್ದಾಣದ ಪಕ್ಕದ ಕಿರಿದಾದ ಜಾಗ
ಆ: ಅಳಿವೆಯ ಹತ್ತಿರದ ವಿಶಾಲ ಗದ್ದೆ ಬಯಲು
ಇ: ಪೇಟೆಯಿಂದ 2 ಕಿಲೋಮೀಟರ್ ಪೂರ್ವದ ಮುರಕಲ್ಲಿನ ಪದವು

ಪ್ರತಿ ವಿಷಯಕ್ಕೆ 1ರಿಂದ 5 ಅಂಕ. 5 ಅಂದರೆ ತುಂಬ ಒಳ್ಳೆಯದು.

| ವಿಷಯ | ಅ | ಆ | ಇ |
|---|---|---|---|
| ನಡಿಗೆಯ ದೂರ | 5 | 2 | 1 |
| ನೀರು, ನೆರೆ | 3 | 1 | 5 |
| ನೆಲದ ಬಲ | 4 | 1 | 4 |
| ಬಸ್ಸಿನ ದಾರಿ | 2 | 4 | 3 |
| ಜಾಗದ ಬೆಲೆ | 2 | 5 | 3 |

ಎಲ್ಲ ವಿಷಯಗಳೂ ಸಮಾನ ಮುಖ್ಯವಲ್ಲ. ಅದಕ್ಕೆ ಪ್ರತಿಯೊಂದಕ್ಕೂ ಒಂದು ತೂಕ ಕೊಟ್ಟು ಗುಣಿಸಬೇಕು. ತೂಕಗಳ ಮೊತ್ತ 10 ಇರಲಿ.

ಮೊದಲ ಗುಂಪು ದಿನಾ ಪ್ರಯಾಣಿಸುವವರದ್ದು ಅಂದುಕೊಳ್ಳಿ. ಅವರು ಕೊಟ್ಟ ತೂಕ: ನಡಿಗೆ 3, ನೀರು 3, ನೆಲ 1, ಬಸ್ಸಿನ ದಾರಿ 2, ಬೆಲೆ 1.

ಅ: 15 + 9 + 4 + 4 + 2 = 34
ಆ: 6 + 3 + 1 + 8 + 5 = 23
ಇ: 3 + 15 + 4 + 6 + 3 = 31

ಗೆದ್ದದ್ದು ಅ. ಇನ್ನು ಎರಡನೇ ಗುಂಪು, ಖರ್ಚು ಉಳಿಸಲು ಹೊರಟವರದ್ದು. ಅವರ ತೂಕ: ನಡಿಗೆ 1, ನೀರು 1, ನೆಲ 1, ಬಸ್ಸಿನ ದಾರಿ 3, ಬೆಲೆ 4.

ಅ: 5 + 3 + 4 + 6 + 8 = 26
ಆ: 2 + 1 + 1 + 12 + 20 = 36
ಇ: 1 + 5 + 4 + 9 + 12 = 31

ಈಗ ಆ ಗೆದ್ದಿತು, ಅ ಕೊನೆಗೆ ಹೋಯಿತು! ಜಾಗ ಬದಲಾಗಲಿಲ್ಲ, ಅಂಕ ಬದಲಾಗಲಿಲ್ಲ. ಬದಲಾದದ್ದು ತೂಕ ಮಾತ್ರ. ಯಾರಾದರೂ ಒಂದು ಪಟ್ಟಿ ತೋರಿಸಿ ‘ಲೆಕ್ಕದ ಪ್ರಕಾರ ಇದೇ ಉತ್ತಮ’ ಅಂದರೆ ನೀವು ಕೇಳಬೇಕಾದ ಪ್ರಶ್ನೆ: ತೂಕ ಕೊಟ್ಟವರು ಯಾರು? ಯಾವಾಗ ಕೊಟ್ಟರು? ಜಾಗಗಳ ಹೆಸರು ತಿಳಿಯುವ ಮೊದಲೇ, ನಿಲ್ದಾಣ ಬಳಸುವವರನ್ನು ಕೂರಿಸಿಕೊಂಡು ತೂಕ ನಿಗದಿ ಮಾಡಿದ್ದರೆ ಆ ಲೆಕ್ಕಕ್ಕೆ ಬೆಲೆ.

ಇನ್ನೊಂದು ದೋಷವೂ ಈ ಮೊತ್ತದಲ್ಲಿ ಅಡಗಿದೆ. ಪರೀಕ್ಷೆಯಲ್ಲಿ ಕನ್ನಡದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದರೂ ಗಣಿತದಲ್ಲಿ ಪಾಸಾಗಲೇಬೇಕು ತಾನೇ? ಒಂದರ ಅಂಕ ಇನ್ನೊಂದಕ್ಕೆ ಕೊಡಲಾಗದು. ಇಲ್ಲೂ ಹಾಗೇ. ಜಾಗ ಎಷ್ಟೇ ಅಗ್ಗವಾದರೂ ನೆರೆ ಬಂದಾಗ ಬಸ್ಸು ಮುಳುಗುವುದು ತಪ್ಪುವುದಿಲ್ಲ. ಆದ್ದರಿಂದ ಪ್ರತಿ ವಿಷಯದಲ್ಲೂ ಪಾಸಾಗಲು ಕನಿಷ್ಠ 2 ಅಂಕ ಬೇಕು ಅಂತ ನಿಯಮ ಮಾಡಿ. ಆಗ ಆ ನೀರಿನಲ್ಲೂ ನೆಲದಲ್ಲೂ ಫೇಲ್. ಇ ನಡಿಗೆಯಲ್ಲಿ ಫೇಲ್: 2 ಕಿಲೋಮೀಟರ್ ನಡೆಯಲು ಚುರುಕಾದವರಿಗೇ ಸುಮಾರು 28 ನಿಮಿಷ, ಇಲ್ಲದಿದ್ದರೆ ರಿಕ್ಷಾ ಬಾಡಿಗೆ. ಉಳಿದದ್ದು ಅ.

ಅ ಪರಿಪೂರ್ಣ ಜಾಗವೇ? ಅಲ್ಲ. ಬಸ್ಸಿನ ದಾರಿಗೆ 2, ಬೆಲೆಗೆ 2. ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸ ಗಮನಿಸಿ. ಕೆಲವು ಕೊರತೆಗಳನ್ನು ಹಣ, ಬುದ್ಧಿ ಉಪಯೋಗಿಸಿ ಸರಿಮಾಡಬಹುದು. ಕಿರಿದಾದ ಜಾಗದಲ್ಲಿ ಬಸ್ಸಿಗೆ ಏಕಮುಖ ದಾರಿ ಮಾಡಬಹುದು. ಬಸ್ಸುಗಳು ಅಲ್ಲೇ ಗಂಟೆಗಟ್ಟಲೆ ನಿಲ್ಲದೆ ಜನರನ್ನು ಹತ್ತಿಸಿಕೊಂಡು ಹೋಗಲಿ, ನಿಲ್ಲಿಸಿಡಲು ಪದವಿನಲ್ಲಿ ಜಾಗ ಕೊಡಲಿ. ಇನ್ನು ಕೆಲವು ಕೊರತೆಗಳನ್ನು ನಮ್ಮಿಂದ ಬದಲಿಸಲು ಆಗದು. ಉಬ್ಬರದ ಸಮಯವನ್ನು ಯಾರೂ ಮುಂದೂಡಲಾರರು. 1907ರಲ್ಲಿ ಮಂಗಳೂರು ಮುಟ್ಟಿದ ರೈಲು ಹಳಿಯನ್ನು ಪದವಿನ ಹತ್ತಿರ ಎಳೆದು ತರಲೂ ಆಗದು. ಜಾಗ ಆರಿಸುವುದೆಂದರೆ ಸರಿಮಾಡಬಹುದಾದ ಕೊರತೆಗಳಿರುವ ಜಾಗವನ್ನು ಆರಿಸುವುದು.

ನೀವೇ ಮಾಡಿ

ನಿಮ್ಮ ಊರಿನಲ್ಲಿ ಬಸ್ಸು ಬದಲಿಸುವ ಒಂದು ಜಾಗ ಆರಿಸಿ. ಐದು ಮಂದಿಯ ಗುಂಪು, ಜತೆಗೆ ಒಬ್ಬರು ಅಧ್ಯಾಪಕರು ಇರಲೇಬೇಕು. ಹೆದ್ದಾರಿಯ ಮೇಲೆ, ಹಳಿಯ ಹತ್ತಿರ, ಮಳೆಗಾಲದಲ್ಲಿ ಹೊಳೆಯ ದಂಡೆಗೆ ಹೋಗಬೇಡಿ.

1. ಎಣಿಕೆ: ಬೆಳಗ್ಗೆ 8ರಿಂದ 9ರವರೆಗೆ ಪ್ರತಿ 15 ನಿಮಿಷಕ್ಕೆ ಎಷ್ಟು ಮಂದಿ ಇಳಿದರು, ಅವರಲ್ಲಿ ಎಷ್ಟು ಮಂದಿ ಇನ್ನೊಂದು ವಾಹನ ಹತ್ತಿದರು ಬರೆದುಕೊಳ್ಳಿ. ಹಿರಿಯರು, ಮಕ್ಕಳನ್ನು ಎತ್ತಿಕೊಂಡವರು, ಮೀನಿನ ಬುಟ್ಟಿ ಹೊತ್ತವರನ್ನು ಬೇರೆಯೇ ಎಣಿಸಿ.

2. ನಡಿಗೆ: ನಿಮ್ಮ ಹೆಜ್ಜೆಯ ಉದ್ದ ಅಳೆದು, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿ. ನಕ್ಷೆಯ ನೇರ ಅಳತೆಯಿಂದ ಭಾಗಿಸಿ. ಉತ್ತರ 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಅದು 600 ÷ 150 = 4.

3. ಮಟ್ಟ: ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ಕಡೆ ನೆಲದಿಂದ ನೀರಿನ ಎತ್ತರ ಅಳೆಯಿರಿ. ನೀರು ಎರಡೂ ತುದಿಯಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಅಳತೆಗಳ ವ್ಯತ್ಯಾಸವೇ ನೆಲದ ಏರಿಳಿತ. ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಳ್ಳಿ.

4. ಇಂಗುವಿಕೆ: ಎರಡೂ ಬದಿ ತೆರೆದ ಡಬ್ಬವನ್ನು ನೆಲಕ್ಕೆ ಸ್ವಲ್ಪ ಒತ್ತಿ ಕೂರಿಸಿ, ನೀರು ಹಾಕಿ, 10 ನಿಮಿಷದಲ್ಲಿ ಎಷ್ಟು ಸೆಂಟಿಮೀಟರ್ ಇಳಿಯಿತು ನೋಡಿ. ಗದ್ದೆ, ಮರಳು, ಮುರಕಲ್ಲಿನ ನೆಲಗಳನ್ನು ಹೋಲಿಸಿ.

5. ನೆನಪು: ಹತ್ತಿರದ ಮನೆಗಳ ಹಿರಿಯರನ್ನು ಕೇಳಿ: ನೆರೆ ಎಲ್ಲಿಯವರೆಗೆ ಬಂದಿತ್ತು, ಬಾವಿಯ ನೀರು ಮಳೆಗಾಲದಲ್ಲಿ ಎಷ್ಟು ಮೇಲೆ ಬರುತ್ತದೆ, ಬೇಸಗೆಯಲ್ಲಿ ಉಪ್ಪಾಗುತ್ತದೆಯೇ? ಒಬ್ಬರ ಮಾತಿನ ಮೇಲೆ ನಿಲ್ಲಬೇಡಿ, ಮೂರು ಮನೆಯವರ ಮಾತು ಹೊಂದಿದರೆ ಬರೆದುಕೊಳ್ಳಿ.

ಯೋಚಿಸಿ ಉತ್ತರಿಸಿ

1. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಎಕ್ರೆ ನಿಲ್ದಾಣದ ಮೇಲೆ ವರ್ಷಕ್ಕೆ ಬೀಳುವ ನೀರು ಎಷ್ಟು ಲೀಟರ್? ಅದರಲ್ಲಿ ಕಾಲು ಭಾಗವನ್ನಾದರೂ ಇಂಗಿಸಲು ನೀವು ಏನು ಮಾಡುವಿರಿ?

2. ಮೇಲಿನ ಪಟ್ಟಿಯಲ್ಲಿ ಐದೂ ವಿಷಯಗಳಿಗೆ 2ರಂತೆ ತೂಕ ಕೊಟ್ಟರೆ ಯಾವ ಜಾಗ ಗೆಲ್ಲುತ್ತದೆ? (ಸುಳಿವು: ಇಬ್ಬರಿಗೆ ಸಮ ಅಂಕ ಬರುತ್ತದೆ. ಆಗ ಹೇಗೆ ತೀರ್ಮಾನಿಸುವಿರಿ?)

3. ಈ ಪಟ್ಟಿಗೆ ಆರನೆಯ ವಿಷಯವೊಂದನ್ನು ಸೇರಿಸುವುದಾದರೆ ಯಾವುದನ್ನು ಸೇರಿಸುವಿರಿ? ಅದನ್ನು ಅಳೆಯುವ ವಿಧಾನವನ್ನೂ ಬರೆಯಿರಿ. ಅಳೆಯಲು ಬಾರದ ವಿಷಯಕ್ಕೆ ಅಂಕ ಕೊಡಬಾರದು.

ನಿಮ್ಮ ಎಣಿಕೆ, ಅಳತೆ, ನಕ್ಷೆಗಳನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದು ಶಾಲೆಯ ವಿಜ್ಞಾನ ಕ್ಲಬ್ಬಿನ ಫಲಕದಲ್ಲಿ ಹಾಕಿ. ಒಂದು ಪ್ರತಿಯನ್ನು ಅಧ್ಯಾಪಕರ ಮೂಲಕ ಪಂಚಾಯತಿಗೂ ಕೊಡಿ. ಗ್ರಾಮಸಭೆಯಲ್ಲಿ ‘ನಮಗೆ ಇಲ್ಲಿ ನಿಲ್ದಾಣ ಬೇಕು’ ಅನ್ನುವವರು ಹಲವರು ಸಿಗುತ್ತಾರೆ. ‘ಬೆಳಗ್ಗೆ ಒಂದು ಗಂಟೆಯಲ್ಲಿ ಇಷ್ಟು ಮಂದಿ ಇಷ್ಟು ದೂರ ನಡೆಯುತ್ತಾರೆ, ಎಣಿಸಿದ್ದೇವೆ’ ಅನ್ನುವವರು ಕಡಿಮೆ. ಆ ಮಾತು ನಿಮ್ಮದಾಗಲಿ.